ರಿವಾಲ್ವರಿನ ನಳಿಕೆ ಎಷ್ಟುದ್ದ, ಗುಂಡು ಎಷ್ಟು ವೇಗ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆ ಲೈಸೆನ್ಸಿನ ರಿವಾಲ್ವರ್ ಅಂದರೆ ಬಹುಪಾಲು .32 (ನಳಿಕೆಯ ಒಳಅಗಲದ ಅಳತೆ, ಸುಮಾರಾಗಿ ಇಂಚಿನಲ್ಲಿ), ಜನರ ಬಾಯಲ್ಲಿ ‘ಬತ್ತೀಸ್ ಬೋರ್’. ಆದ್ದರಿಂದ ಕೆಳಗಿನ ಉತ್ತರಗಳೆಲ್ಲ ಅದನ್ನೇ ಮುಂದಿಟ್ಟುಕೊಂಡಿವೆ; .38, .357 ಬರುವುದು ಹೋಲಿಕೆಗೆ ಮಾತ್ರ. ವೇಗವನ್ನು ಸೆಕೆಂಡಿಗೆ ಇಷ್ಟು ಅಡಿ ಎಂದು ಕೊಟ್ಟಿದೆ, ಕಾಡತೂಸು ಕಂಪನಿಗಳ ಪಟ್ಟಿಗಳಲ್ಲಿ ಸಿಗುವುದು ಅದೇ ಲೆಕ್ಕ. ಮೀಟರ್ ಬೇಕಾದವರು 3.28ರಿಂದ ಭಾಗಿಸಿಕೊಳ್ಳಿ. ಗುಂಡಿನ ತೂಕ ಗ್ರೇನ್‌ನಲ್ಲಿರುತ್ತದೆ. ಹಳೇ ತೊಲೆಗೆ, ಅಂದರೆ 11.66 ಗ್ರಾಂ ತೊಲೆಗೆ, 180 ಗ್ರೇನ್. .32ರ 98 ಗ್ರೇನ್ ಗುಂಡು ಅರ್ಧ ತೊಲೆಗಿಂತ ತುಸು ಹೆಚ್ಚು, 6.35 ಗ್ರಾಂ.

ಪ್ರಶ್ನೆ: ನಳಿಕೆ ಉದ್ದಾದಷ್ಟೂ ಗುಂಡಿನ ವೇಗ ಹೆಚ್ಚಾಗ್ತದ ಅಂತಾರಲ್ರಿ, ಖರೇನಾ?

ಖರೆ. ಆದರೆ ಜನ ಅಂದುಕೊಂಡಷ್ಟಲ್ಲ. ಕಲಬುರಗಿ ಕೋಟೆಯಲ್ಲಿ 29 ಅಡಿ ಉದ್ದದ್ದೆಂದು ಹೇಳುವ ಬಾರಾ ಗಜ್ ತೋಪನ್ನು ನೋಡುತ್ತಾ ಬೆಳೆದವರಿಗೆ ‘ಉದ್ದ ಅಂದ್ರ ಜೋರು’ ಅನ್ನಿಸುವುದು ಸಹಜ. ಆ ತೋಪಿಗೆ ತುಂಬುತ್ತಿದ್ದದ್ದು ರಾಶಿಗಟ್ಟಲೆ ಕರಿಮದ್ದು. .32 ಕಾಡತೂಸಿನಲ್ಲಿರುವುದು ಎರಡು-ಮೂರು ಗ್ರೇನ್ ಬೇಗ ಉರಿಯುವ ಹೊಗೆರಹಿತ ಮದ್ದು, ಅಂದರೆ ಒಂದು ಚಿಟಿಕೆ.

ಆ ಚಿಟಿಕೆ ಹೊತ್ತಿಕೊಂಡಾಗ ಅನಿಲದ ಒತ್ತಡ ತುತ್ತತುದಿಗೆ ಏರುವುದು ಗುಂಡು ಇನ್ನೂ ಮೊದಲ ಇಂಚು ದಾಟುವುದರೊಳಗೆ. ಅಲ್ಲಿಂದ ಮುಂದೆ ಗುಂಡು ಸರಿದಂತೆ ಅದರ ಹಿಂದಿನ ಜಾಗ ಹಿಗ್ಗುತ್ತದೆ, ಒತ್ತಡ ಇಳಿಯುತ್ತದೆ. ಒತ್ತಡ ಇಳಿದರೂ ತಳ್ಳುವುದು ನಿಲ್ಲುವುದಿಲ್ಲ, ಅದಕ್ಕೇ ವೇಗ ಏರುತ್ತಲೇ ಇರುತ್ತದೆ. ಆದರೆ ಪ್ರತಿ ಹೊಸ ಇಂಚು ಹಿಂದಿನ ಇಂಚಿಗಿಂತ ಕಡಿಮೆ ಕೊಡುತ್ತದೆ.

ಇನ್ನೊಂದು ಕಾರಣ ಲೆಕ್ಕದ್ದು. ಗುಂಡಿನ ಶಕ್ತಿ ವೇಗದ ವರ್ಗದ ಪ್ರಕಾರ ಏರುತ್ತದೆ. ಸೆಕೆಂಡಿಗೆ 200 ಮೀಟರ್ ಓಡುತ್ತಿರುವ ಗುಂಡನ್ನು 210ಕ್ಕೆ ಏರಿಸಲು ಬೇಕಾದ ಶಕ್ತಿಯಲ್ಲಿ, ನಿಂತ ಗುಂಡನ್ನು ಸೊನ್ನೆಯಿಂದ 64 ಮೀಟರ್ ವೇಗಕ್ಕೆ ತರಬಹುದು. ಅಂದರೆ ತಳ್ಳುವ ಬಲ ಕುಗ್ಗುತ್ತಿರುವ ಹೊತ್ತಿಗೇ ಸರಿಯಾಗಿ ವೇಗದ ಬೆಲೆ ಏರುತ್ತಿರುತ್ತದೆ.

ಪ್ರಶ್ನೆ: ಒಂದ್ ಇಂಚಿಗೆ ಎಷ್ಟ್ ಫರಕ್ ಬೀಳ್ತದ, ಅಂಕಿ ಹೇಳ್ರಿ.

ಈ ಬತ್ತೀಸ್ ಬೋರಿನ ಕಾಡತೂಸಿನ ಪೂರ್ತಿ ಹೆಸರು .32 ಎಸ್ ಅಂಡ್ ಡಬ್ಲ್ಯೂ (ಸ್ಮಿತ್ ಅಂಡ್ ವೆಸನ್) ಲಾಂಗ್; ಅದರ 98 ಗ್ರೇನ್ ಸೀಸದ ಗುಂಡಿಗೆ ಕಂಪನಿ ಪಟ್ಟಿ ಕೊಡುವ ವೇಗ 4 ಇಂಚಿನ ನಳಿಕೆಯಲ್ಲಿ 705 ಅಡಿ. 2ರಿಂದ 4 ಇಂಚಿನ ನಡುವೆ ಇಂಚಿಗೆ ಇಪ್ಪತ್ತು-ಮೂವತ್ತು ಅಡಿ ಎಂದು ಹಿಡಿದರೆ ಮೋಸವಿಲ್ಲ, ಅದರಾಚೆ ಇನ್ನೂ ಕಡಿಮೆ. .38 ಸ್ಪೆಷಲ್ 158 ಗ್ರೇನ್‌ಗೆ 4 ಇಂಚಿನಲ್ಲಿ 755 ಅಡಿ; 2 ಇಂಚಿನದರಲ್ಲಿ ಅದು ನೂರು ಅಡಿಯಷ್ಟು ಬೀಳುತ್ತದೆ.

ಉದ್ದದ ನಿಜವಾದ ಲಾಭ ಕಾಣುವುದು .357 ಮ್ಯಾಗ್ನಮ್‌ನಲ್ಲಿ. ಅದರಲ್ಲಿ ಮದ್ದು ಹೆಚ್ಚು, ಉರಿಯುವುದು ನಿಧಾನ, ಒತ್ತಡದ ಮಿತಿ ಚದರ ಇಂಚಿಗೆ 35,000 ಪೌಂಡ್. .32 ಲಾಂಗ್‌ದು 15,000, .38 ಸ್ಪೆಷಲ್‌ದು 17,000. 1935ರಲ್ಲಿ .357 ಹೊರಬಂದಾಗ 8¾ ಇಂಚಿನ ನಳಿಕೆಯ ಲೆಕ್ಕದಲ್ಲಿ ಸುಮಾರು 1500 ಅಡಿ ಎಂದು ಹೇಳಿಕೊಂಡರು. ಇವತ್ತಿನ ಪಟ್ಟಿಯಲ್ಲಿ 158 ಗ್ರೇನ್‌ಗೆ ಕಾಣುವುದು 1235 ಅಡಿ, ಏಕೆಂದರೆ ಅಳೆಯುವುದು 4 ಇಂಚಿನ, ರಿವಾಲ್ವರಿನಂತೆ ಅನಿಲ ಸೋರಲು ಬೇಕೆಂದೇ ಸಂದು ಬಿಟ್ಟ ಪರೀಕ್ಷಾ ನಳಿಕೆಯಲ್ಲಿ. ಹೆಸರು ಅದೇ, ಡಬ್ಬಿ ಅಂಥದ್ದೇ, ಅಂಕಿ ಮಾತ್ರ ಬೇರೆ. ಹಾಗಾಗಿ ಯಾರಾದರೂ ವೇಗ ಹೇಳಿದರೆ ಮೊದಲು ಕೇಳಬೇಕಾದ್ದು: ಎಷ್ಟು ಇಂಚಿನದರಲ್ಲಿ?

ಪ್ರಶ್ನೆ: ಪಿಸ್ತೂಲಿಂದು 4 ಇಂಚು, ರಿವಾಲ್ವರಿಂದು 4 ಇಂಚು, ಎರಡೂ ಒಂದೇ ಅಲ್ಲೇನ್ರಿ?

ಅಲ್ಲ. ಪಿಸ್ತೂಲಿನ ನಳಿಕೆ ಅಳೆಯುವಾಗ ಕಾಡತೂಸು ಕೂರುವ ಚೇಂಬರ್ ಕೂಡ ಲೆಕ್ಕಕ್ಕೆ ಬರುತ್ತದೆ. ರಿವಾಲ್ವರಿನಲ್ಲಿ ಚೇಂಬರ್ ಇರುವುದು ನಳಿಕೆಯ ಹಿಂದೆ ತಿರುಗುವ ಉರುಳೆಯಲ್ಲಿ, ಅಂದರೆ ಸಿಲಿಂಡರಿನಲ್ಲಿ. ಅಳತೆ ಸಿಲಿಂಡರಿನ ಎದುರಿಗಿರುವ ನಳಿಕೆಯ ಹಿಂಬಾಯಿಯಿಂದ ಮೂತಿಯವರೆಗೆ ಮಾತ್ರ. 4 ಇಂಚಿನ ರಿವಾಲ್ವರಿನಲ್ಲಿ ಸಿಲಿಂಡರ್ ಸೇರಿಸಿದರೆ ಐದೂವರೆ ಇಂಚಿನ ಆಸುಪಾಸು ಆಗುತ್ತದೆ. ಅಂಗಡಿಯಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ‘ನಳಿಕೆ ಒಂದೇ ಅದ’ ಎಂದರೆ ರಿವಾಲ್ವರಿಗೆ ಅನ್ಯಾಯವಾಗುತ್ತದೆ.

ಆ ಗಳಿಕೆಯಲ್ಲಿ ಒಂದು ಪಾಲನ್ನು ರಿವಾಲ್ವರ್ ಬಿರುಕಿನಲ್ಲಿ ಕಳೆದುಕೊಳ್ಳುತ್ತದೆ.

ಪ್ರಶ್ನೆ: ಆ ಬಿರುಕು ಯಾವುದು? ಅದರಿಂದ ಎಷ್ಟ್ ಹೊಡ್ತ?

ಸಿಲಿಂಡರ್ ತಿರುಗಬೇಕಾದ್ದರಿಂದ ಅದು ನಳಿಕೆಗೆ ತಾಗುವಂತಿಲ್ಲ. ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತಾರೆ, ಸಾಮಾನ್ಯವಾಗಿ 0.10ರಿಂದ 0.20 ಮಿ.ಮೀ. ಗುಂಡು ಈ ಸಂದನ್ನು ದಾಟಿದ ಕ್ಷಣದಿಂದ ಅನಿಲ ಎರಡೂ ಕಡೆ ಪಕ್ಕಕ್ಕೆ ಸೋರುತ್ತದೆ. ರಾತ್ರಿ ಹೊಡೆದರೆ ಸಿಲಿಂಡರಿನ ಅಕ್ಕಪಕ್ಕ ಕಾಣುವ ಕೆಂಪು ಗೀರು ಅದೇ.

.32ರ ಗುಂಡಿನ ಸುತ್ತಳತೆ ಸುಮಾರು 25 ಮಿ.ಮೀ. ಸಂದು 0.15 ಮಿ.ಮೀ. ಇದ್ದರೆ ಸೋರುವ ದಾರಿ 3.75 ಚದರ ಮಿ.ಮೀ. ಗುಂಡಿನ ಬೆನ್ನಿನ ವಿಸ್ತೀರ್ಣ ಸುಮಾರು 50 ಚದರ ಮಿ.ಮೀ. ಅಂದರೆ ಹದಿಮೂರರಲ್ಲಿ ಒಂದು ಪಾಲಿನಷ್ಟು ಬಾಗಿಲು ತೆರೆದೇ ಇದೆ. ಸಂದು 0.30ಕ್ಕೆ ಹೋದರೆ ಬಾಗಿಲು ಇಮ್ಮಡಿ. ಹಾಗೆಂದು ವೇಗ ಅದೇ ಪ್ರಮಾಣದಲ್ಲಿ ಬೀಳುವುದಿಲ್ಲ, ಗುಂಡು ಸಂದಿಗೆ ಬರುವ ಹೊತ್ತಿಗೆ ತಳ್ಳಾಟದ ದೊಡ್ಡ ಪಾಲು ಮುಗಿದಿರುತ್ತದೆ. ನಷ್ಟ ಶೇಕಡಾ ಕೆಲವು ಅಂಕಿ ಮಾತ್ರ. ಆದರೂ .32ರಲ್ಲಿ ಆ ಕೆಲವು ಅಂಕಿ ಒಂದು ಇಂಚು ನಳಿಕೆಗೆ ಸಮ.

ರಷ್ಯಾದ 1895ರ ನಗಾಂತ್ ರಿವಾಲ್ವರಿನಲ್ಲಿ ಈ ಸೋರಿಕೆಗೆ ಮದ್ದು ಕಂಡುಕೊಂಡಿದ್ದರು: ಕುದುರೆ (ಹ್ಯಾಮರ್) ಎಳೆದಾಗ ಸಿಲಿಂಡರ್ ಮುಂದೆ ಸರಿದು, ಉದ್ದನೆಯ ಕಾಡತೂಸಿನ ಬಾಯಿ ನಳಿಕೆಯೊಳಗೇ ಹೊಕ್ಕು ಸಂದು ಮುಚ್ಚುತ್ತಿತ್ತು. ಅದರ ಬೆಲೆ ತೆತ್ತದ್ದು ಬೆರಳು, ಟ್ರಿಗರ್ ಭಯಂಕರ ಬಿಗಿ.

ಒಂದು ಎಚ್ಚರಿಕೆ. ಎರಡೂ ಕೈಯಲ್ಲಿ ಹಿಡಿಯುವಾಗ ಎಡಗೈ ಹೆಬ್ಬೆರಳಾಗಲಿ ತೋರುಬೆರಳಾಗಲಿ ಸಿಲಿಂಡರಿನ ಮುಂಭಾಗದ ಪಕ್ಕಕ್ಕೆ ಬರಬಾರದು. .32 ಚರ್ಮ ಸುಟ್ಟು ಸೀಸದ ಚೂರು ನೆಡುತ್ತದೆ. ಮ್ಯಾಗ್ನಮ್ ಬೆರಳನ್ನೇ ಸೀಳುತ್ತದೆ.

ಪ್ರಶ್ನೆ: ಸಂದು ಮನ್ಯಾಗ ಅಳೀಬಹುದೇನ್ರಿ?

ಅಳೆಯಬಹುದು. ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಹೊಂದಿಸಲು ಬಳಸುವ ಫೀಲರ್ ಗೇಜ್ ಸಾಕು. ಮೊದಲು ಸಿಲಿಂಡರ್ ತೆರೆದು ಎಲ್ಲ ಚೇಂಬರ್ ಖಾಲಿ ಮಾಡಿ, ಕಣ್ಣಿನಿಂದ ನೋಡಿ, ಬೆರಳಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ಕಾಡತೂಸುಗಳನ್ನು ಇನ್ನೊಂದು ಕೋಣೆಯಲ್ಲಿಡಿ. ಸಂದಿನಲ್ಲಿ ಮಸಿ ಇದ್ದರೆ ಒರೆಸಿ, ಇಲ್ಲದಿದ್ದರೆ ಅಳತೆ ಸುಳ್ಳು ಬರುತ್ತದೆ. ಸಿಲಿಂಡರ್ ಮುಚ್ಚಿ, ಬೆರಳಿಂದ ಹಿಂದಕ್ಕೆ ಒತ್ತಿ ಹಿಡಿದು, 0.10ರ ಎಲೆಯಿಂದ ಶುರು ಮಾಡಿ. ಬಿಗಿಯಾಗಿ ಆದರೆ ಒತ್ತಾಯವಿಲ್ಲದೆ ಹೋಗುವ ಅತಿ ದಪ್ಪ ಎಲೆಯೇ ನಿಮ್ಮ ಸಂದು. ಆಮೇಲೆ ಸಿಲಿಂಡರನ್ನು ಮುಂದಕ್ಕೆ ಒತ್ತಿ ಹಿಡಿದು ಇನ್ನೊಮ್ಮೆ ಅಳೆಯಿರಿ. ಎರಡರ ವ್ಯತ್ಯಾಸ ಸಿಲಿಂಡರಿನ ಹಿಂದು-ಮುಂದಿನ ಆಟ. ಇದನ್ನು ಪ್ರತಿ ಚೇಂಬರಿಗೂ ಮಾಡಿ. ಒಂದು ಚೇಂಬರಿಗೆ 0.12, ಇನ್ನೊಂದಕ್ಕೆ 0.20 ಬಂದರೆ ಸಿಲಿಂಡರಿನ ಮುಖ ಓರೆ ಇದೆ ಎಂದರ್ಥ.

0.08ಕ್ಕಿಂತ ಕಡಿಮೆ ಇದ್ದರೆ ನಾಲ್ಕಾರು ಸುತ್ತು ಹೊಡೆದು ಬಿಸಿಯಾದ ಮೇಲೆ ಸಿಲಿಂಡರ್ ಉಜ್ಜಿ ನಿಲ್ಲಬಹುದು. 0.25 ದಾಟಿದರೆ ಲೈಸೆನ್ಸ್ ಇರುವ ಗನ್ ಅಂಗಡಿಯ ಆರ್ಮರರ್ (ಬಂದೂಕು ದುರಸ್ತಿಗಾರ) ಕೈಗೆ ಕೊಡಿ. ಲೇತ್ ಅಂಗಡಿಗೆ ಬೇಡ: ಬಂದೂಕು ದುರಸ್ತಿಗೂ ಆಯುಧ ಕಾಯ್ದೆ 1959ರ 5ನೇ ಕಲಮಿನಡಿ ಲೈಸೆನ್ಸ್ ಬೇಕು.

ಪ್ರಶ್ನೆ: ನಂದೂ 3 ಇಂಚು, ನಮ್ಮ ಕಾಕಾಂದೂ 3 ಇಂಚು, ಡಬ್ಬಿನೂ ಒಂದೇ. ಅವರದು ಯಾಕ ಜೋರ್ ಹೋಗ್ತದ?

ಇದು ಮಾಮೂಲು. ಸಂದು ಹೇಳಿಯಾಯಿತು. ಅದರ ಜೊತೆ ಚೇಂಬರಿನ ಮುಂಬಾಯಿ ಗುಂಡಿಗಿಂತ ಅಗಲವಾಗಿದ್ದರೆ ಅನಿಲ ಗುಂಡಿನ ಪಕ್ಕದಿಂದಲೇ ಮುಂದೆ ನುಗ್ಗುತ್ತದೆ. ಕಿರಿದಾಗಿದ್ದರೆ ಗುಂಡು ಹಿಂಡಿ ತೆಳುವಾಗಿ ನಳಿಕೆಯಲ್ಲಿ ಸಡಿಲವಾಗುತ್ತದೆ. ನಳಿಕೆಯ ಹಿಂಬಾಯಿಯಲ್ಲಿ ಲಾಳಿಕೆಯಂಥ ಅಗಲವಿದೆ, ಫೋರ್ಸಿಂಗ್ ಕೋನ್ ಅಂತಾರೆ. ಅಲ್ಲಿ ಸೀಸ ಮೆತ್ತಿಕೊಂಡರೆ ಪ್ರತಿ ಗುಂಡೂ ಬೇರೆ ಬೇರೆ ಅಡ್ಡಿ ಕಾಣುತ್ತದೆ. ಹಿತ್ತಾಳೆ ಬ್ರಷ್ ಹಾಕಿ, ಹತ್ತಿ ಬಟ್ಟೆ ಎಳೆದು ಟಾರ್ಚ್ ಬಿಟ್ಟು ನೋಡಿ: ಬೂದು ಹೊಳಪಿನ ಪಟ್ಟೆ ಕಂಡರೆ ಅದು ಲೋಹದ ಮಿಂಚಲ್ಲ, ಸೀಸ.

ಈ ಎಲ್ಲ ಸೇರಿ ಒಂದೇ ಉದ್ದದ ಎರಡು ರಿವಾಲ್ವರುಗಳ ನಡುವೆ 40–50 ಅಡಿ ವ್ಯತ್ಯಾಸ ಬಂದರೆ ಆಶ್ಚರ್ಯವಿಲ್ಲ. ಬಿಗಿಯಾದ 3 ಇಂಚಿನದು ಸಡಿಲ 4 ಇಂಚಿನದನ್ನು ಹಿಂದೆ ಹಾಕುವುದೂ ಉಂಟು.

ಪ್ರಶ್ನೆ: ಹಂಗಾದ್ರ 3 ಇಂಚಿಂದು ತಗೊಳ್ಳೋದಾ, ಉದ್ದಂದಾ?

ವೇಗದ ಲೆಕ್ಕ ಹಾಕಿ ನೋಡಿ. 705 ಅಡಿ ಅಂದರೆ ಸೆಕೆಂಡಿಗೆ 215 ಮೀಟರ್, 6.35 ಗ್ರಾಂ ಗುಂಡಿನ ಶಕ್ತಿ 147 ಜೂಲ್. ಗಿಡ್ಡ ನಳಿಕೆ, ಅಗಲ ಸಂದು, ಹಳೇ ಕಾಡತೂಸು ಮೂರೂ ಕೂಡಿ 190 ಮೀಟರಿಗೆ ಇಳಿಯಿತು ಅನ್ನಿ, ಶಕ್ತಿ 115 ಜೂಲ್. ವೇಗ ಶೇ. 12 ಬಿದ್ದರೆ ಶಕ್ತಿ ಶೇ. 22 ಬಿತ್ತು. ಕಾಗದದ ಮೇಲೆ ದೊಡ್ಡದಾಗಿ ಕಾಣುತ್ತದೆ. ಗುರಿಯ ಮೇಲೆ? 15 ಮೀಟರಿನಲ್ಲಿ ವೇಗದ ಗುಂಡು 2.4 ಸೆಂ.ಮೀ. ಇಳಿದರೆ ನಿಧಾನದ್ದು 3.1 ಸೆಂ.ಮೀ. ವ್ಯತ್ಯಾಸ ಬೆರಳಿನ ದಪ್ಪವೂ ಇಲ್ಲ.

ಈಗ ಸೈಟ್, ಅಂದರೆ ಗುರಿ ಹಿಡಿಯಲು ಮೇಲಿರುವ ಗುರುತುಗಳನ್ನು ನೋಡಿ. ಹಿಂದಿನ ಮತ್ತು ಮುಂದಿನ ಸೈಟ್ ನಡುವೆ 120 ಮಿ.ಮೀ. ಇರುವಾಗ ಮುಂದಿನದು ಒಂದು ಮಿ.ಮೀ. ಸರಿದರೆ 15 ಮೀಟರಿನಲ್ಲಿ ಗುಂಡು 12.5 ಸೆಂ.ಮೀ. ತಪ್ಪುತ್ತದೆ. ನಳಿಕೆ ಒಂದು ಇಂಚು ಬೆಳೆದು ಅದು 145 ಆದರೆ ತಪ್ಪು 10.3 ಸೆಂ.ಮೀ. ಒಂದು ಇಂಚು ನಳಿಕೆ ವೇಗಕ್ಕೆ ಕೊಡುವುದಕ್ಕಿಂತ ಕಣ್ಣಿಗೆ ಕೊಡುವುದು ಹೆಚ್ಚು. ಅದರ ಜೊತೆ ಮೂತಿ ಕಡೆಯ ತೂಕ ಹೆಚ್ಚಿ ಕೈ ಅಲುಗಾಟ ತಗ್ಗುತ್ತದೆ.

25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಗೆ ಇಳಿಯುವವರು ಇದೇ .32 ಲಾಂಗ್‌ನ ಚಪ್ಪಟೆ ಮೂತಿಯ ವ್ಯಾಡ್‌ಕಟರ್ ಗುಂಡನ್ನು ನಿಧಾನ ವೇಗದಲ್ಲೇ ಹೊಡೆಯುತ್ತಾರೆ. ಅಲ್ಲಿ ನಳಿಕೆಗೆ 153 ಮಿ.ಮೀ. ಮಿತಿ ಇದೆ. ವೇಗಕ್ಕಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಮಾರುಕಟ್ಟೆಯಲ್ಲಿ ಸಿಗುವ ಕಾನ್ಪುರದ .32ಗಳು ಹೆಚ್ಚಾಗಿ 3 ಇಂಚಿನವೇ. 2023ರಲ್ಲಿ ಬಂದ ಪ್ರಬಲ್‌ನ ನಳಿಕೆ 76 ಮಿ.ಮೀ. 2014ರ ನಿರ್ಭೀಕ್ ಅರ್ಧ ಕಿಲೋ ತೂಕದ್ದು, ಹಗುರ. ದಿನಾ ಸೊಂಟದಲ್ಲಿಟ್ಟುಕೊಂಡು ಸೇಡಂ, ಸುರಪುರ ಅಂತ ಓಡಾಡುವವರಿಗೆ 3 ಇಂಚು. ತಿಜೋರಿಯಲ್ಲಿಟ್ಟು ರೇಂಜಿಗೆ ಒಯ್ಯುವವರಿಗೆ ಉದ್ದದ್ದು ಸಿಕ್ಕರೆ ಉದ್ದದ್ದು.

ಪ್ರಶ್ನೆ: ನಿಧಾನ ಗುಂಡು ಗುರಿಗಿಂತ ಮ್ಯಾಲೆ ಬಡೀತದ. ಕೆಳಗ ಬೀಳಬೇಕಲ್ರಿ?

ಗುಂಡು ನಳಿಕೆಯೊಳಗಿರುವಾಗಲೇ ರಿವಾಲ್ವರ್ ಹಿಂದಕ್ಕೆ ಒದ್ದು ಮೂತಿ ಮೇಲೇಳಲು ಶುರುವಾಗಿರುತ್ತದೆ. ನಿಧಾನ ಗುಂಡು ನಳಿಕೆಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಹೊರಬೀಳುವಾಗ ಮೂತಿ ಇನ್ನಷ್ಟು ಎದ್ದಿರುತ್ತದೆ. ಭಾರದ ಗುಂಡಾದರೆ ಒದೆತವೂ ಹೆಚ್ಚು. ಹತ್ತಿರದ ಗುರಿಯಲ್ಲಿ ಇದು ಗುರುತ್ವದ ಇಳಿತವನ್ನು ಮೀರಿಸುತ್ತದೆ. ಬೇರೆ ಕಂಪನಿಯ ಡಬ್ಬಿ ತಂದ ದಿನ ಗುಂಡು ಎರಡು ಬೆರಳು ಮೇಲೆ ಹೋದರೆ ಸೈಟ್ ಉಜ್ಜಲು ಹೋಗಬೇಡಿ.

ಪ್ರಶ್ನೆ: ರೇಂಜಿನಾಗ ಕ್ರೋನೋಗ್ರಾಫ್ ಹಚ್ಚಿ ಅಳದ್ರ ಅಂಕಿ ಮ್ಯಾಲೆ ಕೆಳಗ ಆಗ್ತಾವು. ಯಾಕ?

ಹೆಚ್ಚಿನ ಸಲ ತಪ್ಪು ರಿವಾಲ್ವರಿನದಲ್ಲ. ಬೆಳಕಿನಿಂದ ಕೆಲಸ ಮಾಡುವ ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಅನ್ನು ಮೂತಿಯಿಂದ 3–4 ಮೀಟರ್ ದೂರ ಇಡಬೇಕು. ಹತ್ತಿರ ಇಟ್ಟರೆ ಗುಂಡಿಗಿಂತ ಮೊದಲು ಮೂತಿಯ ಹೊಗೆ, ಗಾಳಿಯ ಅಲೆ ಸೆನ್ಸರನ್ನು ಎಬ್ಬಿಸುತ್ತವೆ. ಅಷ್ಟು ದೂರದಲ್ಲಿ .32 ಕಳೆದುಕೊಳ್ಳುವುದು ಎರಡು-ಮೂರು ಅಡಿ ಮಾತ್ರ, ಬಿಟ್ಟುಬಿಡಿ. ನಮ್ಮ ಕಡೆಯ ಏಪ್ರಿಲ್ ಬಿಸಿಲಲ್ಲಿ ಸೆನ್ಸರಿನ ಮೇಲಿನ ಬಿಳಿ ತಡಿಕೆ ಹಾಕದೆ ಅಳೆದರೆ ಕೆಲವು ಗುಂಡು ದಾಖಲಾಗುವುದೇ ಇಲ್ಲ. ಒಳಾಂಗಣದಲ್ಲಿ ಟ್ಯೂಬ್‌ಲೈಟಿನ ಮಿಣುಕು ಕಾಟ ಕೊಡುತ್ತದೆ.

ಆಮೇಲೆ ಮದ್ದಿನ ಜಾಗ. .32, .38 ಕಾಡತೂಸಿನ ಕೊಳವೆಯಲ್ಲಿ ಮದ್ದು ಅರ್ಧವೂ ತುಂಬಿರುವುದಿಲ್ಲ. ಮೂತಿ ಕೆಳಗೆ ಮಾಡಿ ಎತ್ತಿದರೆ ಮದ್ದು ಗುಂಡಿನ ಬೆನ್ನಿಗೆ ಬಂದು ನಿಲ್ಲುತ್ತದೆ, ವೇಗ ತಗ್ಗುತ್ತದೆ. ಮೂತಿ ಮೇಲೆ ಮಾಡಿ ಇಳಿಸಿದರೆ ಮದ್ದು ಪ್ರೈಮರಿಗೆ, ಅಂದರೆ ತಳದಲ್ಲಿ ಕಿಡಿ ಹಚ್ಚುವ ಬಿಲ್ಲೆಗೆ, ಒರಗಿ ವೇಗ ಏರುತ್ತದೆ. ಆದ್ದರಿಂದ ಪ್ರತಿ ಗುಂಡಿಗೂ ಒಂದೇ ರೀತಿ ಎತ್ತಿ, ಮೂತಿ ಸದಾ ಗುರಿಯ ದಿಬ್ಬದ ಕಡೆಗೇ ಇರಲಿ.

ಐದು ಗುಂಡಿನ ಸರಾಸರಿ ನಂಬಬೇಡಿ. ಗುಂಡಿನಿಂದ ಗುಂಡಿಗೆ ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಷನ್, ಅಂಕಿಗಳ ಹರಡಿಕೆಯ ಅಳತೆ) 20 ಅಡಿ ಇದ್ದರೆ ಐದರ ಸರಾಸರಿಯೇ 9 ಅಡಿ ಆಚೀಚೆ ಅಲುಗುತ್ತದೆ, ಹತ್ತರದ್ದು 6. ಎರಡು ರಿವಾಲ್ವರಿನ ನಡುವೆ 15 ಅಡಿ ಫರಕ್ ಕಂಡು ‘ನಳಿಕೆಯ ಮಹಿಮೆ’ ಅನ್ನುವ ಮೊದಲು ತಲಾ ಹತ್ತಾದರೂ ಹೊಡೆದಿರಬೇಕು. ಲೈಸೆನ್ಸಿನ ವಾರ್ಷಿಕ ಮಿತಿ, ಕಾಡತೂಸಿನ ದರ ನೋಡಿದರೆ ಇದು ಹೊಟ್ಟೆಗೆ ಬೆಂಕಿ ಇಡುವ ಮಾತು, ಗೊತ್ತು.

ಪ್ರಶ್ನೆ: ಬ್ಯಾಸಿಗಿಗೆ ವೇಗ ಹೆಚ್ಚಾಗ್ತದ ಅಂತಾರ.

ಮದ್ದು ಬಿಸಿಯಾದಷ್ಟೂ ಬೇಗ ಉರಿಯುತ್ತದೆ, ಒತ್ತಡ ಮತ್ತು ವೇಗ ತುಸು ಏರುತ್ತವೆ. ಬೀದರಿನ ಡಿಸೆಂಬರ್ ಬೆಳಗಿನ ಅಂಕಿಯನ್ನು ಕಲಬುರಗಿಯ ಮೇ ಮಧ್ಯಾಹ್ನದ ಅಂಕಿಯ ಜೊತೆ ಇಟ್ಟು ನಳಿಕೆ ಹೋಲಿಸಬೇಡಿ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಡಬ್ಬಿ ಬಿಡುವುದಂತೂ ಬೇಡವೇ ಬೇಡ. ಬೀದರ್ ಎತ್ತರದಲ್ಲಿದೆ, ಗಾಳಿ ತೆಳು ಎಂದು ಕೇಳುವವರಿಗೆ: 25 ಮೀಟರಿನಲ್ಲಿ ಅದರ ಲೆಕ್ಕವೇ ಇಲ್ಲ.

ಪ್ರಶ್ನೆ: ಪಿಸ್ತೂಲಿನ .32 ವೇಗ ಹೆಚ್ಚದಲ್ಲ, ಅದನ್ನೇ ರಿವಾಲ್ವರಿಗೆ ಹಾಕಿದ್ರ?

ಹಾಕಬೇಡಿ. ಎರಡನ್ನೂ ‘.32’ ಎಂದೇ ಕರೆಯುವುದರಿಂದ ಆಗುವ ಗೊಂದಲ ಇದು. ಪಿಸ್ತೂಲಿನದು .32 ಎಸಿಪಿ, 71 ಗ್ರೇನ್, ಪಟ್ಟಿಯ ವೇಗ 905 ಅಡಿ, ಒತ್ತಡದ ಮಿತಿ 20,500. ರಿವಾಲ್ವರಿನದು 15,000. ಎಸಿಪಿಗೆ ಸಣ್ಣ ಅಂಚು ಇರುವುದರಿಂದ ಕೆಲವು ರಿವಾಲ್ವರಿನ ಚೇಂಬರಿನಲ್ಲಿ ಕೂತೂಬಿಡುತ್ತದೆ. ಕೂತಿತು ಎಂದು ಹೊಡೆಯುವಂತಿಲ್ಲ. ಕಾಡತೂಸಿನ ತಳದ ಅಚ್ಚು ಓದಿ, ಲೈಸೆನ್ಸಿನಲ್ಲಿ ಬರೆದದ್ದರ ಜೊತೆ ತಾಳೆ ನೋಡಿ.

ಪ್ರಶ್ನೆ: ‘50 ಮೀಟರ್ ರೇಂಜ್’ ಅಂತ ಬರದಾರ. ಅದರಾಚೆ ಗುಂಡು ಬಿದ್ದುಬಿಡ್ತದೇನ್ರಿ?

ಇಲ್ಲ. ಅದು ಗುರಿ ಇಟ್ಟು ಹೊಡೆಯುವ ದೂರ. ಓರೆಯಾಗಿ ಮೇಲಕ್ಕೆ ಹಾರಿಸಿದ .32 ಗುಂಡು ಕಿಲೋಮೀಟರಿನ ಆಸುಪಾಸು ಹೋಗಿ ಬೀಳುತ್ತದೆ, ನಳಿಕೆ ಗಿಡ್ಡವಿರಲಿ ಉದ್ದವಿರಲಿ. ಮದುವೆ ಮೆರವಣಿಗೆಯಲ್ಲಿ ಹಾರಿಸಿದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ.

ಪ್ರಶ್ನೆ: ನಳಿಕೆ ಕತ್ತರಿಸಿ ಗಿಡ್ಡ ಮಾಡಿಸಬಹುದಾ?

ಆಯುಧ ಕಾಯ್ದೆಯ 6ನೇ ಕಲಮಿನಡಿ, ಅದಕ್ಕೆಂದೇ ಲೈಸೆನ್ಸ್ ಇಲ್ಲದೆ ನಳಿಕೆ ಕತ್ತರಿಸುವುದು ಅಪರಾಧ. ತಾಂತ್ರಿಕವಾಗಿಯೂ ದಡ್ಡತನ: ಮುಂದಿನ ಸೈಟ್ ಹೋಗುತ್ತದೆ, ಮೂತಿಯ ಅಂಚು ಸೊಟ್ಟವಾದರೆ ಗುಂಡು ಹೊರಬೀಳುವಾಗ ಅನಿಲ ಒಂದು ಪಕ್ಕಕ್ಕೆ ಹೆಚ್ಚು ತಳ್ಳಿ ಗುರಿ ಕೆಡುತ್ತದೆ. ಬೆಂಕಿ, ಸದ್ದು ಎರಡೂ ಹೆಚ್ಚುತ್ತವೆ, ಮುಖಕ್ಕೆ ಹತ್ತಿರವಾಗುತ್ತವೆ.

ಪ್ರಶ್ನೆ: ಒಮ್ಮೊಮ್ಮೆ ‘ಢಂ’ ಅನ್ನೋ ಜಾಗದಾಗ ‘ಪುಸ್’ ಅಂತದ. ವೇಗ ಕಮ್ಮಿ ಆಗಿರ್ತದೇನ್ರಿ?

ಕಮ್ಮಿ ಆಗಿರುವುದಷ್ಟೇ ಅಲ್ಲ, ಗುಂಡು ನಳಿಕೆಯಲ್ಲೇ ಸಿಕ್ಕಿಕೊಂಡಿರಬಹುದು. ಮಳೆಗಾಲ ದಾಟಿದ ಹಳೇ ಕಾಡತೂಸಿನಲ್ಲಿ ಎಣ್ಣೆ, ತೇವ ಹೊಕ್ಕು ಮದ್ದು ಕೆಟ್ಟಿದ್ದರೆ ಪ್ರೈಮರ್ ಒಂದರ ಬಲವೇ ಗುಂಡನ್ನು ಒಂದೆರಡು ಇಂಚು ತಳ್ಳಿ ಬಿಡುತ್ತದೆ. ಮುಂದಿನ ಗುಂಡು ಹಾರಿಸಿದರೆ ನಳಿಕೆ ಉಬ್ಬುತ್ತದೆ, ಇಲ್ಲವೇ ಒಡೆಯುತ್ತದೆ.

ಸದ್ದು ಸಪ್ಪೆ ಎನಿಸಿದ ಕೂಡಲೇ ಟ್ರಿಗರಿನಿಂದ ಬೆರಳು ತೆಗೆಯಿರಿ. ಮೂತಿ ಗುರಿಯ ಕಡೆಗೇ ಇಟ್ಟು ಅರ್ಧ ನಿಮಿಷ ಕಾಯಿರಿ. ಸಿಲಿಂಡರ್ ತೆರೆದು ಎಲ್ಲ ಕಾಡತೂಸು ಹೊರಗೆ ತೆಗೆಯಿರಿ. ತೆರೆಯಲು ಬಾರದಿದ್ದರೆ ಗುಂಡು ಅರ್ಧ ಸಿಲಿಂಡರಿನಲ್ಲಿ, ಅರ್ಧ ನಳಿಕೆಯಲ್ಲಿ ನಿಂತಿದೆ, ಬಲ ಹಾಕದೆ ರೇಂಜ್ ಅಧಿಕಾರಿಯನ್ನು ಕರೆಯಿರಿ. ಖಾಲಿಯಾದ ಮೇಲೆ ಮೂತಿಯಿಂದ ಹಿತ್ತಾಳೆ ಕಡ್ಡಿ ಇಳಿಸಿ; ಹಿಂಬಾಯಿಯಿಂದ ಹೊರಗೆ ಬಂದರೆ ನಳಿಕೆ ಬಯಲು. ನಡುವೆ ನಿಂತರೆ ಗುಂಡು ತೆಗೆಸುವ ಕೆಲಸ ಆರ್ಮರರಿನದು, ಉಳಿದ ಡಬ್ಬಿಯನ್ನು ಅಂಗಡಿಗೆ ಮರಳಿಸಿ.